ಹಲಸೂರಿನಲ್ಲಿ ಇಳಿಯದ ದಿನ

ಊರನ್ನು ನೋಡುವುದು ಕಣ್ಣಿನ ಕೆಲಸವೆಂದು ನಾನು ಬಹುಕಾಲ ನಂಬಿಕೊಂಡಿದ್ದೆ. ಅದರಲ್ಲಿ ಅರ್ಧಪಾಲು ಕಿವಿಯದೂ ಉಂಟು ಎಂಬುದು ತಿಳಿದದ್ದು ಎರಡು ರೈಲುಗಳಲ್ಲಿ ಕುಳಿತ ಮೇಲೆ. ಒಂದು ಅಮೆರಿಕದ್ದು, ಇನ್ನೊಂದು ನಮ್ಮ ಬೆಂಗಳೂರಿನದೇ. ಮೊದಲನೆಯದರಲ್ಲಿ ನನಗೆ ಊರು ತೋರಿಸಿದವನು ಹೆಸರು ತಿಳಿಯದ ಒಬ್ಬ ಅಪರಿಚಿತ. ಎರಡನೆಯದರಲ್ಲಿ ತೋರಿಸಿದವಳು ಕಣ್ಣು ಮಂಜಾದ ನನ್ನ ತಾಯಿ.

2009ರ ಬೇಸಿಗೆಯಲ್ಲಿ ನಾನು ಅಮೆರಿಕದ ಮಿಶಿಗನ್ ರಾಜ್ಯದಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಅವಳ ಯಜಮಾನರು ಒಂದು ದಿನ ನಮ್ಮನ್ನೆಲ್ಲ ಕಾರಿನಲ್ಲಿ ಕೂರಿಸಿಕೊಂಡು ಉತ್ತರದ ತುದಿಯ ಒಂದು ಪಟ್ಟಣಕ್ಕೆ ಕರೆದೊಯ್ದರು. ಅದರ ಹೆಸರು ಸೂ ಸೇಂಟ್ ಮರೀ. ಅಲ್ಲಿ ಒಂದು ಪ್ರವಾಸಿ ರೈಲು. ರೈಲೆಂಬುದು ಹೆಸರಿಗೆ ಮಾತ್ರ. ಹಳಿಯಿಲ್ಲ, ಹೊಗೆಯಿಲ್ಲ, ರಬ್ಬರಿನ ಗಾಲಿಗಳ ಮೇಲೆ ರಸ್ತೆಯಲ್ಲಿಯೇ ಓಡುವ ಬಂಡಿಗಳ ಸಾಲು. ಮುಂದೆ ಕುಳಿತವನೊಬ್ಬ ಧ್ವನಿವರ್ಧಕವನ್ನು ಬಾಯಿಗೆ ಹಿಡಿದು, ಎಡಕ್ಕೆ ನೋಡಿ, ಬಲಕ್ಕೆ ನೋಡಿ ಎಂದು ವಿವರಿಸುತ್ತ ಹೋಗುತ್ತಿದ್ದ.

ಅವನು ತೋರಿಸಿದ ಮುಖ್ಯ ವಸ್ತು ಹಡಗುಗಳ ಜಲದ್ವಾರ. ಸುಪೀರಿಯರ್ ಎಂಬ ಮಹಾ ಸರೋವರದ ನೀರು ಸೇಂಟ್ ಮೇರಿ ನದಿಯಾಗಿ ಹ್ಯೂರಾನ್ ಸರೋವರದತ್ತ ಹರಿಯುವಾಗ ಈ ಊರಿನ ಬಳಿ ಸುಮಾರು 21 ಅಡಿ ಕೆಳಕ್ಕೆ ಧುಮುಕುತ್ತದೆ. ದೋಣಿಯಾದರೆ ಹೊತ್ತುಕೊಂಡು ಇಳಿಸಬಹುದು. ಕಬ್ಬಿಣದ ಅದಿರು ತುಂಬಿದ ಸಾವಿರ ಅಡಿ ಉದ್ದದ ಹಡಗನ್ನು ಹೊರುವವರಾರು? ಅದಕ್ಕಾಗಿ 1855ರಲ್ಲಿ ಅಲ್ಲಿ ನೀರಿನ ಕೊಠಡಿಗಳನ್ನು ಕಟ್ಟಿದರು. ಈಗಿರುವವುಗಳಲ್ಲಿ ದೊಡ್ಡದು 1,200 ಅಡಿ ಉದ್ದ, 110 ಅಡಿ ಅಗಲ. ಮೇಲಿನಿಂದ ಬಂದ ಹಡಗು ಕೊಠಡಿಯೊಳಗೆ ಬಂದು ನಿಲ್ಲುತ್ತದೆ. ಹಿಂದಿನ ಬಾಗಿಲು ಮುಚ್ಚುತ್ತದೆ. ಕೆಳಗಿನ ಕಾಲುವೆಗಳಿಂದ ನೀರು ಮೆಲ್ಲಗೆ ಹೊರಗೆ ಹರಿಯುತ್ತದೆ. ಅದಕ್ಕೆ ಪಂಪೂ ಬೇಡ, ಯಂತ್ರಬಲವೂ ಬೇಡ, ನೀರಿನ ಸಹಜ ಓಟವೇ ಸಾಕು. ಹಡಗು ನಿಂತಲ್ಲಿಯೇ ನಿಂತು ಇಳಿಯುತ್ತದೆ. ಹೊರಗಿನ ನೀರಿನ ಮಟ್ಟವೂ ಒಳಗಿನ ಮಟ್ಟವೂ ಸಮವಾದ ಮೇಲೆಯೇ ಮುಂದಿನ ಬಾಗಿಲು ತೆರೆಯುತ್ತದೆ. ಅದಾದ ಮೇಲೆ ಅವನು ನದಿಯ ಮೇಲಿನ ಉದ್ದನೆಯ ಸೇತುವೆಯನ್ನು ತೋರಿಸಿದ. 1962ರಲ್ಲಿ ತೆರೆದದ್ದು, ಈ ತುದಿ ಅಮೆರಿಕ, ಆ ತುದಿ ಕೆನಡ. ದಿನಕ್ಕೆ ಹಲವು ಸಲ ಅದೇ ಮಾತುಗಳನ್ನು ಹೇಳುವವನಾದರೂ, ನನ್ನೊಬ್ಬನಿಗೇ ಹೇಳುತ್ತಿದ್ದಾನೆ ಎನ್ನಿಸುವಂತಿತ್ತು ಅವನ ಧಾಟಿ.

ಊರಿಗೆ ಮರಳಿದ ಮೇಲೆ ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಹಲಸೂರಿನ ಕೆರೆಯ ಬಳಿ ಅರ್ಧ ಶತಮಾನ ಬಾಳಿದವಳಿಗೆ ತೂಬು, ಕೋಡಿಗಳು ಹೊಸವಲ್ಲ. "ಅಂದರೆ ಎರಡು ತೂಬಿನ ನಡುವೆ ಹಡಗನ್ನ ನಿಲ್ಲಿಸಿ ನೀರು ಬಿಡ್ತಾರೆ ಅನ್ನು" ಎಂದು ಒಂದೇ ಮಾತಿನಲ್ಲಿ ವಿಷಯವನ್ನು ಹಿಡಿದುಬಿಟ್ಟಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ಹಡಗಿನಲ್ಲಿದ್ದವರಿಗೆ ತಾವು ಇಳೀತಾ ಇರೋದು ಗೊತ್ತಾಗುತ್ತೇನೋ?" ನಾನು ಅದನ್ನು ಆ ಮನುಷ್ಯನಲ್ಲಿ ಕೇಳಿರಲಿಲ್ಲ. ಗೊತ್ತಿಲ್ಲಮ್ಮ ಎಂದೆ. ಮಾತು ಅಲ್ಲಿಗೆ ನಿಂತಿತು.

ಅದಾಗಿ ಹದಿನೈದು ವರ್ಷಗಳು ಕಳೆದವು. ನಾನು ಬ್ಯಾಂಕಿನ ಕೆಲಸದಿಂದ ನಿವೃತ್ತನಾದೆ. ನನ್ನ ಮಗ ವೈಟ್‌ಫೀಲ್ಡ್ ಕಡೆಯ ಒಂದು ಕಂಪೆನಿಯಲ್ಲಿ ಕೆಲಸಕ್ಕೆ ಸೇರಿ ಕಾಡುಗೋಡಿಯಲ್ಲಿ ಒಂಬತ್ತನೆಯ ಅಂತಸ್ತಿನ ಮನೆ ಕೊಂಡ. ಹಲಸೂರಿನ ನಮ್ಮ ಮನೆಯ ತಾರಸಿ ಸೋರತೊಡಗಿತು. ಅಮ್ಮನಿಗೆ ಎಂಬತ್ತಾರು ತುಂಬಿತು. ಗ್ಲಾಕೋಮಾ ಎಂಬ ರೋಗ ಅವಳ ನೋಟದ ಅಂಚುಗಳನ್ನೆಲ್ಲ ತಿಂದುಹಾಕಿ, ನಡುವೆ ಒಂದು ಕಿಂಡಿಯಷ್ಟನ್ನು ಮಾತ್ರ ಉಳಿಸಿತ್ತು. ಮನೆ ಮಾರಿ ಎಲ್ಲರೂ ಒಂದೆಡೆ ಇರುವುದೆಂದು ನಾನೂ ತಮ್ಮನೂ ನಿಶ್ಚಯಿಸಿದೆವು. ಕೊಳ್ಳುವವರು ಸಿಕ್ಕರು. ಕರಾರಿಗೆ ಸಹಿ ಹಾಕಿ ಮುಂಗಡವನ್ನೂ ತೆಗೆದುಕೊಂಡೆವು. ಅಮ್ಮನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಇಂದು ಹೇಳೋಣ, ನಾಳೆ ಹೇಳೋಣ ಎನ್ನುತ್ತ ಮೂರು ವಾರ ದೂಡಿದೆ. ಇದು ನನ್ನದೇ ತಪ್ಪು. ಇದಕ್ಕೆ ನೆವ ಹೇಳುವುದಿಲ್ಲ.

2024ರ ಡಿಸೆಂಬರಿನ ಒಂದು ಭಾನುವಾರ ಅಮ್ಮ ಚಾಮರಾಜಪೇಟೆಯಲ್ಲಿ ತನ್ನ ತಮ್ಮನ ಮನೆಯಲ್ಲಿದ್ದಳು. ಅಲ್ಲಿಂದ ನೇರವಾಗಿ ಕಾಡುಗೋಡಿಗೆ ಕರೆದೊಯ್ದು ಮೊಮ್ಮಗನ ಮನೆ ತೋರಿಸುವುದು, ದಾರಿಯಲ್ಲಿ ವಿಷಯ ಹೇಳುವುದು ಎಂದು ನಾನು ಲೆಕ್ಕ ಹಾಕಿದೆ. ಮೆಜೆಸ್ಟಿಕ್‌ವರೆಗೆ ಆಟೊ, ಮುಂದೆ ಮೆಟ್ರೊ ರೈಲಿನ ನೇರಳೆ ಮಾರ್ಗ. ಅಮ್ಮ ಈ ರೈಲಿನಲ್ಲಿ ಕುಳಿತದ್ದು ಅದೇ ಮೊದಲ ಸಲ. ಒಬ್ಬ ಹುಡುಗ ಎದ್ದು ಜಾಗ ಕೊಟ್ಟ. ಅಮ್ಮ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ತಲೆಯೆತ್ತಿ ಕುಳಿತಳು.

"ಮುಂದಿನ ನಿಲ್ದಾಣ" ಎಂದು ಒಂದು ಹೆಣ್ಣಿನ ಕಂಠ ಮೇಲಿನಿಂದ ನುಡಿಯಿತು. ಅಚ್ಚಕನ್ನಡ, ಸ್ಪಷ್ಟವಾದ ಉಚ್ಚಾರಣೆ, ಎಲ್ಲಿಯೂ ಅವಸರವಿಲ್ಲ. ಅಮ್ಮನ ಮುಖ ಅರಳಿತು.

"ಈ ಧ್ವನಿ ಎಲ್ಲೋ ಕೇಳಿದೀನಲ್ಲೋ!"

"ಅಪರ್ಣಾ ಅಮ್ಮ. ದೂರದರ್ಶನದಲ್ಲಿ ಕಾರ್ಯಕ್ರಮ ನಡೆಸಿಕೊಡುತ್ತಿದ್ದರಲ್ಲ."

ಅಮ್ಮನಿಗೆ ನೆನಪಾಯಿತು. ಪುಟ್ಟಣ್ಣ ಕಣಗಾಲರ 'ಮಸಣದ ಹೂವು' ಚಿತ್ರದಲ್ಲಿ ಮೊದಲು ಕಾಣಿಸಿಕೊಂಡ ಹುಡುಗಿ. ಆಮೇಲೆ ಅಚ್ಚುಕಟ್ಟಾದ ನಿರೂಪಣೆಗೆ ಹೆಸರಾದವರು. 2024ರ ಜುಲೈ 11ರಂದು, 57ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು ಎಂಬುದನ್ನೂ ಹೇಳಿದೆ. ಅಮ್ಮ ಒಂದು ಕ್ಷಣ ಸುಮ್ಮನಾದಳು. ಅಷ್ಟರಲ್ಲಿ ಆ ಧ್ವನಿ ಮತ್ತೆ ಮುಂದಿನ ನಿಲ್ದಾಣದ ಹೆಸರು ಹೇಳಿತು. "ಪಾಪ, ಹೋದ ಮೇಲೂ ನಮಗೆ ದಾರಿ ಹೇಳ್ತಾ ಇದಾಳೆ" ಎಂದಳು.

ಕಬ್ಬನ್ ಪಾರ್ಕಿನ ಹೆಸರು ಕೇಳಿದೊಡನೆ ಅಮ್ಮ ನನ್ನ ಕೈ ಹಿಡಿದುಕೊಂಡಳು. ಏಕೆಂದು ಕೇಳಿದೆ. ಚಿಕ್ಕಂದಿನಲ್ಲಿ ಅವಳ ತಂದೆ ಚಾಮರಾಜಪೇಟೆಯಿಂದ ಜಟಕಾ ಮಾಡಿಕೊಂಡು ಕಮರ್ಷಿಯಲ್ ಸ್ಟ್ರೀಟಿಗೆ ಬರುವಾಗ, ಪಾರ್ಕಿನ ಅಂಚಿನಲ್ಲಿ ವಿಕ್ಟೋರಿಯಾ ರಾಣಿಯ ಪ್ರತಿಮೆ ಕಂಡೊಡನೆ, "ಇನ್ನು ಮೇಲೆ ಕೈ ಬಿಡಬೇಡ, ದಂಡು ಬಂತು" ಎನ್ನುತ್ತಿದ್ದರಂತೆ.

ದಂಡು ಎಂದರೆ ಕಂಟೋನ್ಮೆಂಟು. ಇಂದಿನ ಎಳೆಯರಿಗೆ ಇದು ಬರಿಯ ಒಂದು ರೈಲ್ವೆ ನಿಲ್ದಾಣದ ಹೆಸರು. ಅಮ್ಮನ ಬಾಲ್ಯದಲ್ಲಿ ಅದು ಬೇರೆಯದೇ ಒಂದು ರಾಜ್ಯ. 1809ರಲ್ಲಿ ಬ್ರಿಟಿಷರ ಪಡೆ ಶ್ರೀರಂಗಪಟ್ಟಣದಿಂದ ಬಂದು ಹಲಸೂರಿನ ಸುತ್ತ ನೆಲೆಯೂರಿತು. 1881ರಲ್ಲಿ ಮೈಸೂರನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ಈ ಭಾಗವನ್ನು ಅವರು ಬಿಡದೆ, ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ರೆಸಿಡೆಂಟರ ಆಡಳಿತಕ್ಕೆ ಒಳಪಡಿಸಿದರು. ಪೇಟೆಗೆ ಒಂದು ಪುರಸಭೆ, ದಂಡಿಗೆ ಇನ್ನೊಂದು; ಆ ಕಡೆ ಮಹಾರಾಜರ ಪೋಲೀಸರು, ಈ ಕಡೆ ದಂಡಿನ ಪೋಲೀಸರು. ನಡುವೆ ನದಿಯಿಲ್ಲ, ಬೆಟ್ಟವಿಲ್ಲ, ಗಾಳಿ ಸೇವನೆಗೆಂದು ಬಂದವರು ನಡೆದಾಡುವ ಒಂದು ಉದ್ಯಾನ ಮಾತ್ರ. 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಮೂರು ವಾರ ಮೊದಲು, ದಂಡು ಮೈಸೂರಿಗೆ ಮರಳಿತು. 1949ರಲ್ಲಿ ಎರಡು ಪುರಸಭೆಗಳೂ ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಕಾಗದದ ಮೇಲಿನ ಗಡಿ ಅಳಿಸಿತು. ನಾಲಗೆಯ ಮೇಲಿನದು ಅಷ್ಟು ಬೇಗ ಅಳಿಯಲಿಲ್ಲ.

"1957ರಲ್ಲಿ ನಿಮ್ಮ ತಂದೆಗೆ ನನ್ನನ್ನ ಕೊಟ್ಟಾಗಲೂ ನಮ್ಮಜ್ಜಿ ಅತ್ತಳು ಕಣೋ" ಎಂದಳು ಅಮ್ಮ. "ದಂಡಿಗೆ ಕೊಡ್ತಾ ಇದೀರಿ, ಅಲ್ಲಿ ಹುಡುಗಿಗೆ ಕನ್ನಡ ಮಾತಾಡೋಕೆ ಜನ ಎಲ್ಲಿ ಸಿಗ್ತಾರೆ ಅಂತ." ಅಜ್ಜಿಯ ಆತಂಕ ಪೂರ್ತಿ ನಿರಾಧಾರವಾಗಿರಲಿಲ್ಲ. ಹಲಸೂರಿನ ನಮ್ಮ ಬೀದಿಯಲ್ಲಿ ಎಡಮನೆ ತಮಿಳು, ಬಲಮನೆ ತೆಲುಗು, ಎದುರಿನ ಹಾಲಿನವನದು ಉರ್ದು. ಅಮ್ಮ ಆರು ತಿಂಗಳಲ್ಲಿ ಮೂರನ್ನೂ ಕಲಿತು, ಮೂರು ಮನೆಗಳಿಗೂ ಕನ್ನಡ ಕಲಿಸಿದಳು.

ಈ ರೈಲು ಪೇಟೆಯ ಕೆಳಗೆ ಸುರಂಗದಲ್ಲಿ ಓಡುತ್ತದೆ. ಕಬ್ಬನ್ ಪಾರ್ಕು ದಾಟಿದೊಡನೆ ನೆಲದೊಳಗಿಂದ ಮೇಲೇರಿ, ಮಹಾತ್ಮ ಗಾಂಧಿ ರಸ್ತೆಯ ಮೇಲೆ ಎತ್ತರದ ಕಂಬಗಳ ಸಾಲಿಗೆ ಬರುತ್ತದೆ. ಹಳೆಯ ಗಡಿ ಇದ್ದ ಜಾಗದಲ್ಲಿಯೇ ಕತ್ತಲೆ ಹೋಗಿ ಬೆಳಕು ಬಂತು. ಅಮ್ಮನಿಗೆ ಅಷ್ಟು ಬೆಳಕು ಕಂಡಿತು. "ಮೇಲೆ ಬಂದೆವಾ?" ಎಂದಳು. ಬಂದೆವು ಎಂದೆ. ನನಗೆ ಸೂ ಪಟ್ಟಣದ ಕೊಠಡಿ ನೆನಪಾಯಿತು. ಹೇಳಬೇಕಾದದ್ದನ್ನು ಈಗಲೇ ಹೇಳಿಬಿಡೋಣವೆಂದುಕೊಂಡೆ, ಬಾಯಿ ಬರಲಿಲ್ಲ.

ಅಮ್ಮನಿಗೆ ಅತ್ತ ಲಕ್ಷ್ಯವಿರಲಿಲ್ಲ. ಮೇಲಿನ ಧ್ವನಿ ಹೆಸರು ಹೇಳುವುದು, ಅಮ್ಮ ಅದಕ್ಕೆ ವ್ಯಾಖ್ಯಾನ ಮಾಡುವುದು, ಹೀಗೆ ಇಬ್ಬರೂ ಸೇರಿ ನನಗೆ ಊರು ತೋರಿಸತೊಡಗಿದ್ದರು. ಈ ರಸ್ತೆಗೆ ಮೊದಲು ಸೌತ್ ಪರೇಡ್ ಎಂದು ಹೆಸರು. ಪರೇಡ್ ಮೈದಾನದ ದಕ್ಷಿಣದ ಬೀದಿ. ಟ್ರಿನಿಟಿ ಎಂದರೆ ಸೈನ್ಯದವರ ದೊಡ್ಡ ಚರ್ಚು. ಅದರಿಂದಾಚೆ ಸ್ಯಾಪರುಗಳ ಪಾಳೆಯ. ಎದುರು ಕುಳಿತಿದ್ದ ಕಾಲೇಜು ಹುಡುಗಿಯೊಬ್ಬಳು ಕಿವಿಗೆ ಸಿಕ್ಕಿಸಿಕೊಂಡಿದ್ದ ಯಂತ್ರವನ್ನು ತೆಗೆದು ಅಮ್ಮನ ಮಾತು ಕೇಳತೊಡಗಿದ್ದನ್ನು ನಾನು ಗಮನಿಸಿದೆ.

"ಮುಂದಿನ ನಿಲ್ದಾಣ ಹಲಸೂರು."

"ನೋಡು, ಎಷ್ಟು ಚೆನ್ನಾಗಿ ಹಲಸೂರು ಅಂತಾಳೆ! ಈ ಊರಿಗೆ ಬಂದಾಗಿನಿಂದ ಅಲ್ಸೂರ್, ಅಲ್ಸೂರ್ ಅಂತ ಕೇಳಿ ಕೇಳಿ ನನಗೆ ಸಾಕಾಗಿತ್ತು" ಎನ್ನುತ್ತ ಅಮ್ಮ ಕೈಚೀಲವನ್ನು ತೋಳಿಗೆ ಸಿಕ್ಕಿಸಿಕೊಂಡು, ಕಂಬಿಯನ್ನು ತಡವಿ ಹಿಡಿದು ಎದ್ದು ನಿಂತಳು.

"ಅಮ್ಮ, ಇಲ್ಲಿ ಅಲ್ಲ. ನಾವು ಮುಂದೆ ಹೋಗಬೇಕು."

ಅವಳು ಮತ್ತೆ ಕುಳಿತಳು. ಬಾಗಿಲು ತೆರೆಯಿತು; ನಾಲ್ಕಾರು ಜನ ಇಳಿದರು; ಹತ್ತಾರು ಜನ ಹತ್ತಿದರು; ಬಾಗಿಲು ಮುಚ್ಚಿತು. ನಮ್ಮ ಕೆರೆ ಎಲ್ಲಿಯಾದರೂ ಕಂಡೀತೇ ಎಂದು ನಾನು ಕಿಟಕಿಯಲ್ಲಿ ಇಣುಕಿದೆ. ಕಟ್ಟಡಗಳ ಗೋಡೆಗಳಲ್ಲದೆ ಬೇರೇನೂ ಕಾಣಿಸಲಿಲ್ಲ. ಅಮ್ಮ ಮಾತ್ರ ಕೈ ಜೋಡಿಸಿ ಸೋಮೇಶ್ವರನಿಗೆ ನಮಸ್ಕಾರ ಮಾಡಿದಳು. ಚೋಳರ ಕಾಲದಿಂದಲೂ ಅಲ್ಲಿರುವವನು, ವಿಜಯನಗರದ ಕಾಲದಲ್ಲಿ ಕಂಬಗಳನ್ನೂ ಗೋಪುರವನ್ನೂ ಪಡೆದವನು. ಗುಡಿ ಯಾವ ದಿಕ್ಕಿಗಿದೆಯೆಂದು ಅವಳು ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ನನಗೆ ತಕ್ಷಣ ಹೇಳಲಾಗುತ್ತಿರಲಿಲ್ಲ. ಅರುವತ್ತೇಳು ವರ್ಷಗಳಲ್ಲಿ ಪೇಟೆಯ ಕಡೆಯಿಂದ ಬಂದ ಯಾವ ಬಂಡಿಯಲ್ಲಿಯೂ ಅಮ್ಮ ಹಲಸೂರಿನಲ್ಲಿ ಇಳಿಯದೆ ಮುಂದೆ ಹೋದದ್ದು ಬಹು ಅಪರೂಪ. ಹೋದದ್ದೆಲ್ಲ ಅಪ್ಪನ ಜೊತೆಗೆ.

ಇಂದಿರಾನಗರ ಬಂದಾಗ ಅವಳ ನಗೆ ಮರಳಿತು. 1970ರ ದಶಕದಲ್ಲಿ ಬಡಾವಣೆ ಬೆಳೆಯುತ್ತಿದ್ದಾಗ ಅಪ್ಪನ ಸ್ನೇಹಿತರೊಬ್ಬರು ಇಲ್ಲಿ ನಿವೇಶನ ಕೊಳ್ಳಲು ಒತ್ತಾಯಿಸಿದ್ದರು. ಅಪ್ಪ ಬಂದು ನೋಡಿ, "ಈ ಕಾಡಿನಲ್ಲಿ ಯಾರು ಇರುತ್ತಾರೆ?" ಎಂದು ಹಿಂದಿರುಗಿದ್ದರು. "ಆ ಕಾಡಿನಲ್ಲಿ ಈಗ ಒಂದು ಲೋಟ ಕಾಫಿಗೆ ಇನ್ನೂರು ರೂಪಾಯಿ ಅಮ್ಮ" ಎಂದೆ. "ಅವರಿಗೆ ಹೇಳಬೇಡ" ಎಂದಳು. ಅಪ್ಪ ತೀರಿಕೊಂಡದ್ದು 2006ರಲ್ಲಿ. ಅವರ ವಿಷಯದಲ್ಲಿ ಅಮ್ಮ ಈಗಲೂ ವರ್ತಮಾನ ಕಾಲವನ್ನೇ ಬಳಸುತ್ತಾಳೆ.

ಬೈಯಪ್ಪನಹಳ್ಳಿಯವರೆಗಿನ ದಾರಿ 2011ರಲ್ಲಿಯೇ ತೆರೆದದ್ದು. ನಮ್ಮ ನಗರದ ಮೊದಲ ಮೆಟ್ರೊ ಓಡಿದ್ದು ಇಲ್ಲಿಂದ ಮಹಾತ್ಮ ಗಾಂಧಿ ರಸ್ತೆಗೆ. ಮುಂದಿನ ಕತೆ ವಿಚಿತ್ರ. ಕೃಷ್ಣರಾಜಪುರದಿಂದ ಕಾಡುಗೋಡಿಯವರೆಗಿನ ಭಾಗ 2023ರ ಮಾರ್ಚಿನಲ್ಲಿ ಸಿದ್ಧವಾಯಿತು. ಆದರೆ ಬೈಯಪ್ಪನಹಳ್ಳಿಗೂ ಕೃಷ್ಣರಾಜಪುರಕ್ಕೂ ನಡುವೆ ಎರಡೇ ಕಿಲೋಮೀಟರು ಬಾಕಿ. ಬೆನ್ನಿಗಾನಹಳ್ಳಿಯ ಬಳಿ ದೊಡ್ಡ ರೈಲಿನ ಹಳಿಗಳ ಮೇಲೆ ಉಕ್ಕಿನ ಸೇತುವೆ ಕಟ್ಟಿ ದಾಟಬೇಕಾಗಿತ್ತು. ಆ ಅಕ್ಟೋಬರಿನವರೆಗೆ ಜನ ಒಂದು ರೈಲಿನಿಂದ ಇಳಿದು, ಬಸ್ಸು ಹಿಡಿದು, ಇನ್ನೊಂದು ರೈಲು ಹತ್ತಿದರು. ನಮ್ಮ ಗಾಡಿ ಆ ಉಕ್ಕಿನ ತೊಲೆಗಳ ನಡುವೆ ನುಗ್ಗಿದಾಗ ಸದ್ದು ಬದಲಾಯಿತು. ಅಮ್ಮ ತಲೆಯೆತ್ತಿ, "ಸೇತುವೆ" ಎಂದಳು.

"ಮುಂದಿನ ನಿಲ್ದಾಣ ಕೃಷ್ಣರಾಜಪುರ" ಎಂದಿತು ಧ್ವನಿ. ಈ ಸಲ ಅಮ್ಮ ಬಹಳ ಹೊತ್ತು ಏನೂ ಹೇಳಲಿಲ್ಲ.

ಅಪ್ಪ ಐ.ಟಿ.ಐ.ನಲ್ಲಿ ಕೆಲಸಕ್ಕಿದ್ದರು. 1948ರಲ್ಲಿ ದೂರವಾಣಿ ನಗರದಲ್ಲಿ ಆರಂಭವಾದ ಆ ಕಾರ್ಖಾನೆಯಲ್ಲಿ ಅಂಕಿಗಳ ಬಿಲ್ಲೆಯನ್ನು ಬೆರಳಿನಿಂದ ತಿರುಗಿಸುವ ಟೆಲಿಫೋನುಗಳು ತಯಾರಾಗುತ್ತಿದ್ದವು. 1954ರಿಂದ 1990ರವರೆಗೆ, ಮೊದಲು ಸೈಕಲ್ಲಿನಲ್ಲಿ, ಆಮೇಲೆ ಬಸ್ಸಿನಲ್ಲಿ, ಹಳೆಯ ಮದರಾಸು ರಸ್ತೆಯನ್ನು ಅವರು ಸವೆಸಿದರು. 1864ರಲ್ಲಿ ಮದರಾಸು ರೈಲು ಕಂಪೆನಿ ದಂಡಿಗೆ ಹಾಕಿದ ಹಳಿ ಈ ರಸ್ತೆಯನ್ನು ಅಡ್ಡಗಟ್ಟುವ ಕಡೆ ಗೇಟು. ಬೆಂಗಳೂರು ಮೇಲ್ ಬರುವುದು ತಡವಾದರೆ ಅಪ್ಪನ ಊಟವೂ ತಡ. ಆ ಗೇಟಿನ ಕಾಟ ನೀಗಲೆಂದು, ಎತ್ತರದ ಕಂಬದಿಂದ ಉಕ್ಕಿನ ಹಗ್ಗಗಳನ್ನು ಇಳಿಬಿಟ್ಟ ಸೇತುವೆಯೊಂದನ್ನು ಕಟ್ಟಿ 2003ರಲ್ಲಿ ತೆರೆದರು. ಜನರು ಅದನ್ನು ತೂಗುಸೇತುವೆ ಎನ್ನುತ್ತಾರೆ. ಅಪ್ಪ ನಿವೃತ್ತರಾಗಿ ಹದಿಮೂರು ವರ್ಷವಾಗಿತ್ತು. ಆದರೂ ಅಮ್ಮನನ್ನು ಬಸ್ಸಿನಲ್ಲಿ ಕರೆತಂದು ಸೇತುವೆ ತೋರಿಸಿದರು. ಅದರ ಮೇಲೆ ನಿಂತು ಕೆಳಗೆ ಹೋಗುತ್ತಿದ್ದ ರೈಲನ್ನು ನೋಡುತ್ತ, "ಇವತ್ತು ನೀನು ಹೋಗು, ನಾನೇನೂ ಕಾಯುವುದಿಲ್ಲ" ಎಂದರಂತೆ. ಇದನ್ನು ಅಮ್ಮ ಅದೇ ದಿನ ನನಗೆ ಮೊದಲ ಬಾರಿಗೆ ಹೇಳಿದ್ದು.

"ಹಗ್ಗಗಳು ಕಾಣುತ್ತಾ?" ಎಂದು ಕೇಳಿದಳು.

ಕಾಣುತ್ತಿದ್ದವು. ಕಾಣುತ್ತವೆ ಎಂದೆ.

ರೈಲು ಮುಂದೆ ಸಾಗಿತು. ಇಲ್ಲಿಂದಾಚೆಗಿನ ನಿಲ್ದಾಣಗಳ ಹೆಸರುಗಳಿಗೆ ಅಮ್ಮನಲ್ಲಿ ವ್ಯಾಖ್ಯಾನವಿರಲಿಲ್ಲ. ಧ್ವನಿ ಗರುಡಾಚಾರ್‌ಪಾಳ್ಯ ಎಂದಿತು, ಹೂಡಿ ಎಂದಿತು. ಅಮ್ಮ ಕೇಳಿ ಸುಮ್ಮನಾದಳು. ಈಗ ನಾನು ಹೇಳಬೇಕಾಯಿತು. ವೈಟ್‌ಫೀಲ್ಡ್ ಎಂಬುದು 1882ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ಬೇಸಾಯಕ್ಕೆಂದು ಚಾಮರಾಜ ಒಡೆಯರು ಕೊಟ್ಟ ಭೂಮಿ, ವೈಟ್ ಎಂಬವರ ಹೆಸರಿನಿಂದ ಆ ಹೆಸರು ಬಂತು ಎಂದು ನನಗೆ ತಿಳಿದಷ್ಟನ್ನು ಹೇಳುತ್ತಿದ್ದೆ. ಅಮ್ಮ ನಡುವೆಯೇ ಕೇಳಿದಳು:

"ಮುಂಗಡ ಎಷ್ಟು ತಗೊಂಡಿರಿ?"

ನನಗೆ ಮಾತು ಹೊರಡಲಿಲ್ಲ. ದಳ್ಳಾಳಿ ಹದಿನೈದು ದಿನಗಳ ಹಿಂದೆ ಮನೆಗೆ ಫೋನು ಮಾಡಿದ್ದನಂತೆ. ಅಮ್ಮನೇ ತೆಗೆದುಕೊಂಡಿದ್ದಳು. ನಾನಾಗಿ ಹೇಳಲಿ ಎಂದು ಅಂದಿನಿಂದ ಕಾದಿದ್ದಳು.

"ತಪ್ಪಾಯಿತಮ್ಮ" ಎಂದೆ. ಸುತ್ತಲೂ ಜನ. ಅದಕ್ಕಿಂತ ಹೆಚ್ಚಿಗೆ ಹೇಳಲು ಆಗಲಿಲ್ಲ.

"ಮಾರಿದ್ದು ತಪ್ಪು ಅಂತ ನಾನು ಅನ್ನೋದಿಲ್ಲ. ತಾರಸಿ ಸೋರೋದು ನನಗೂ ಗೊತ್ತು. ನನಗೆ ಹೇಳದೆ ಇದ್ದದ್ದಕ್ಕೆ ಬೇಜಾರು." ಸ್ವಲ್ಪ ತಡೆದು, "ಆ ಅಮೆರಿಕದ ಹಡಗಿನ ಕತೆ ಹೇಳಿದ್ದೆಯಲ್ಲ, ಜ್ಞಾಪಕ ಇದೆಯಾ? ಹಡಗಿನಲ್ಲಿದ್ದವರಿಗೆ ಗೊತ್ತಾಗುತ್ತಾ ಅಂತ ನಾನು ಕೇಳಿದ್ದೆ. ಗೊತ್ತಾಗುತ್ತೆ ಕಣೋ. ನೀರು ಇಳಿಯೋದು ಕಾಣಲಿಕ್ಕಿಲ್ಲ; ಪಕ್ಕದ ಗೋಡೆ ದಿನಾ ಒಂದಿಷ್ಟು ಮೇಲಕ್ಕೆ ಹೋಗೋದು ಕಾಣುತ್ತೆ" ಎಂದಳು.

ನಾನು ತಲೆ ತಗ್ಗಿಸಿ ಕುಳಿತೆ. ಅಮ್ಮನೇ ಮುಂದುವರಿಸಿದಳು: "ನನ್ನನ್ನ ಒಂದೇ ಸಲಕ್ಕೆ ದಬ್ಬಬೇಡಿ, ಅಷ್ಟೇ. ಸೋಮೇಶ್ವರನ ಉತ್ಸವ ಮುಗೀಲಿ. ಅಷ್ಟರಲ್ಲಿ ನಾನು ಒಬ್ಬೊಬ್ಬರ ಮನೆಗೂ ಹೋಗಿ ಹೇಳಿ ಬರ್ತೀನಿ. ಈ ರೈಲಿನಲ್ಲಿ ಹತ್ತು ಸಲ ಓಡಾಡ್ತೀನಿ. ದಾರಿ ಅಭ್ಯಾಸ ಆಗಲಿ."

ಕಾಡುಗೋಡಿಯಲ್ಲಿ ಮೊಮ್ಮಗ ಅಜ್ಜಿಯನ್ನು ಕೈಹಿಡಿದು ಮನೆಯೆಲ್ಲ ಸುತ್ತಿಸಿದ. ಅಮ್ಮ ಗೋಡೆ, ಬಾಗಿಲು, ನಲ್ಲಿ ಎಲ್ಲವನ್ನೂ ಮುಟ್ಟಿ ನೋಡಿದಳು. ಅಡುಗೆಮನೆಯಲ್ಲಿ ನೆಲದ ಮೇಲೆ ಕೂರಲು ಜಾಗವಿದೆಯೇ ಎಂದು ವಿಚಾರಿಸಿದಳು. ಬಾಲ್ಕನಿಗೆ ಬಂದಾಗ ಹಲಸೂರು ಯಾವ ದಿಕ್ಕಿಗೆ ಎಂದು ಕೇಳಿದಳು. ಮೊಮ್ಮಗ ಅವಳ ಭುಜ ಹಿಡಿದು ಪಶ್ಚಿಮಕ್ಕೆ ತಿರುಗಿಸಿದ. ಸಂಜೆಯ ಬಿಸಿಲು ಅವಳ ಮುಖದ ಮೇಲೆ ಬಿತ್ತು. ಇಲ್ಲೊಂದು ಕುರ್ಚಿ ಹಾಕು ಎಂದಳು.

ಮನೆ ಕೊಳ್ಳುವವರು ಸಭ್ಯರು. ನಾನು ಹೋಗಿ ವಿಷಯ ಹೇಳಿದಾಗ, ತಮಗೂ ತಾಯಿಯಿದ್ದಾರೆ ಎಂದು ಹೇಳಿ ಗಡುವನ್ನು ಬೇಸಿಗೆಯವರೆಗೆ ಮುಂದೂಡಿದರು. ಅಷ್ಟು ತಿಂಗಳೂ ಅಮ್ಮ ಹೇಳಿದಂತೆಯೇ ಮಾಡಿದಳು. ವಾರಕ್ಕೊಮ್ಮೆ ನಾನೋ ನನ್ನ ಹೆಂಡತಿಯೋ ಅವಳನ್ನು ಕಾಡುಗೋಡಿಗೆ ಕರೆದೊಯ್ಯುತ್ತಿದ್ದೆವು. ಹೋದಾಗಲೆಲ್ಲ ಅಲ್ಲಿಗೆ ಒಂದೊಂದು ವಸ್ತು: ಒಂದು ಸಲ ಒರಳುಕಲ್ಲಿನ ಗುಂಡು, ಒಂದು ಸಲ ತುಳಸಿಯ ಸಸಿ, ಇನ್ನೊಂದು ಸಲ ಸಂಪರ್ಕವಿಲ್ಲದೆ ಎಷ್ಟೋ ವರ್ಷವಾದ ಅಪ್ಪನ ಕಪ್ಪು ಟೆಲಿಫೋನು. ಕಾವಲಿನವರ ತಪಾಸಣೆಯ ಯಂತ್ರದೊಳಗೆ ಆ ಒರಳುಗುಂಡು ಹೋದಾಗ ನಡೆದ ಪ್ರಶ್ನೋತ್ತರವನ್ನು ಬರೆದರೆ ಅದೇ ಇನ್ನೊಂದು ಪ್ರಬಂಧವಾದೀತು. ದಾರಿಯ ಹೊಸ ನಿಲ್ದಾಣಗಳಿಗೂ ಅಮ್ಮನಲ್ಲಿ ಮೆಲ್ಲಮೆಲ್ಲನೆ ವ್ಯಾಖ್ಯಾನ ಹುಟ್ಟತೊಡಗಿತು. ಇಲ್ಲಿ ಮಲ್ಲಿಗೆ ಮಾರುವವಳು ಹತ್ತುತ್ತಾಳೆ, ಇಲ್ಲಿ ಹುಡುಗರೆಲ್ಲ ಇಳಿದು ಗಾಡಿ ಖಾಲಿಯಾಗುತ್ತದೆ, ಇಲ್ಲಿ ತಿರುವಿದೆ, ಕಂಬಿ ಹಿಡಿದುಕೋ.

ಅದೆಲ್ಲ ಆಮೇಲಿನ ಮಾತು. ಆ ಮೊದಲ ಭಾನುವಾರ ನಾವು ರಾತ್ರಿಯ ಹೊತ್ತಿಗೆ ಅದೇ ರೈಲಿನಲ್ಲಿ ಹಿಂದಿರುಗಿದೆವು. ಅಮ್ಮ ದಣಿದು ನನ್ನ ಭುಜಕ್ಕೆ ಒರಗಿ ಕಣ್ಣು ಮುಚ್ಚಿದ್ದಳು. ಇಂದಿರಾನಗರ ದಾಟಿತು. ಮೇಲಿನಿಂದ ಆ ಕಂಠ, ಹಗಲಿನಲ್ಲಿ ಹೇಳಿದಷ್ಟೇ ನಿಧಾನವಾಗಿ, "ಮುಂದಿನ ನಿಲ್ದಾಣ" ಎಂದು ಆರಂಭಿಸಿತು. ಹೆಸರು ಬರುವ ಮೊದಲೇ ಅಮ್ಮ ಕೈಚೀಲವನ್ನು ತೋಳಿಗೇರಿಸಿಕೊಂಡು ಎದ್ದು ನಿಂತಿದ್ದಳು.

"ಏಳೋ, ಊರು ಬಂತು" ಎಂದಳು.